ಉರುಳದ ಕಿತ್ತಳೆ

ಕಿತ್ತಳೆಹಣ್ಣು ಉರುಳಲಿಲ್ಲ.

ಇನ್‌ಸ್ಪೆಕ್ಟರ್ ಟೋರ್ಗುನ್ ಅದನ್ನೆತ್ತಿ ಗಾಲಿಕುರ್ಚಿಯ ಸೀಟಿನ ನಟ್ಟನಡುವೆ ಮತ್ತೊಮ್ಮೆ ಇಟ್ಟು ಬೆರಳು ತೆಗೆದಳು. ಹಣ್ಣು ಕೊಂಚ ನಡುಗಿ ಅಲ್ಲೇ ಕೂತಿತು.

"ಬಲಕ್ಕೆ ಉರುಳಬೇಕಿತ್ತು," ಎಂದಳು ಗುಡ್ನಿ. ಅವಳು ಆಸ್ಪತ್ರೆಯಿಂದ ತಂದ ಎರವಲು ಕುರ್ಚಿಯಲ್ಲಿ, ಜಾರದಂತೆ ಎದೆಗೆ ಶಾಲು ಬಿಗಿಸಿಕೊಂಡು ಕೂತಿದ್ದಳು. ಎಡಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಮುಂದಿನ ಹಲ್ಲೊಂದು ಅರ್ಧಕ್ಕೆ ಮುರಿದಿತ್ತು. "ಆ ಸೀಟಿನ ಮೇಲೆ ಏನಿಟ್ಟರೂ ಬಲಕ್ಕೇ ಹೋಗೋದು. ಕನ್ನಡಕ, ಪೆನ್ನು. ಒಂದ್ಸಲ ಬೆಕ್ಕು."

"ಬೆಕ್ಕನ್ನೂ ಬರೀಲಾ?" ಕಾನ್‌ಸ್ಟೇಬಲ್ ಟ್ರಿಗ್ವೆ ಪಂಚನಾಮೆಯ ಹಾಳೆಯಿಂದ ತಲೆ ಎತ್ತದೆ ಕೇಳಿದ.

"ಕಿತ್ತಳೆ ಸಾಕು."

ಈಸ್ಟರ್ ರಜೆ ಮುಗಿದು ಮೂರು ವಾರವಾಗುತ್ತ ಬಂದಿದ್ದರೂ ಸ್ಕಾರ್‌ವಿಕ್ ಠಾಣೆಯಲ್ಲಿ ವಾಡಿಕೆಯಂತೆ ಹಬ್ಬಕ್ಕೆ ತಂದ ಕಿತ್ತಳೆ ಇನ್ನೂ ಅರ್ಧ ಚೀಲ ಉಳಿದಿತ್ತು. ಏಪ್ರಿಲ್ 20, ಶುಕ್ರವಾರ, ಬೆಳಗ್ಗೆ 10.40. ಪಂಚನಾಮೆ ನಡೆಯುತ್ತಿದ್ದುದು ಠಾಣೆಯ ಗ್ಯಾರೇಜಿನಲ್ಲಿ, ಪೊಲೀಸ್ ಜೀಪಿನ ಪಕ್ಕದಲ್ಲಿ.

ದೂರು ಬಂದದ್ದು 9.10ಕ್ಕೆ. ಗುಡ್ನಿ ಹೇಳುತ್ತ ಹೋದಳು, ಟ್ರಿಗ್ವೆ ಬರೆದುಕೊಂಡ. ಮೊದಲನೇ ಸಾಲಿನಲ್ಲೇ ಅವನ ಪೆನ್ನು ನಿಂತುಹೋಗಿತ್ತು.

"'ನನ್ನ ಕುರ್ಚಿಯನ್ನು ಯಾರೋ ಸರಿ ಮಾಡಿದ್ದಾರೆ.' ಹಾಳು ಮಾಡಿದ್ದಾರೆ ಅಂತ ಬರೀಲಾ?"

"ಬೇಡ. ಸರಿ ಮಾಡಿದ್ದಾರೆ. ಅದೇ ತೊಂದರೆ."

ಗುಡ್ನಿಗೆ ಮೂವತ್ತೆಂಟು ವರ್ಷ. ಹುಟ್ಟಿನಿಂದ ಅವಳ ಎಡಬದಿಯ ಸ್ನಾಯುಗಳು ಅವಳ ಮಾತು ಕೇಳುವುದಿಲ್ಲ. ಸಮತಟ್ಟಾದ ಸೀಟಿನಲ್ಲಿ ಕೂರಿಸಿದರೆ ಮೈ ಎಡಕ್ಕೆ ವಾಲುತ್ತದೆ. ಆಗ ಬಲಗೈಯಿಂದ ಕುರ್ಚಿಯ ತೋಳನ್ನು ಹಿಡಿದುಕೊಂಡೇ ಇರಬೇಕು. ಆರು ವರ್ಷದ ಹಿಂದೆ ಟ್ರೊಮ್ಸೊದ ಒಬ್ಬ ಮೆಕ್ಯಾನಿಕ್ ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ, ಮಧ್ಯಾಹ್ನವೆಲ್ಲ ಕಳೆದು, ಸೀಟಿನ ಎಡಬದಿಯನ್ನು ಕೂದಲೆಳೆ ಕೂದಲೆಳೆಯಾಗಿ ಎತ್ತರಿಸಿದ್ದ. ಎಷ್ಟು ಎತ್ತರಿಸಿದನೆಂದು ಎಲ್ಲೂ ಬರೆದಿಡಲಿಲ್ಲ. ಅಂದಿನಿಂದ ಅವಳ ಬಲಗೈಗೆ ಬಿಡುವು ಸಿಕ್ಕಿತು. ಎರಡು ವರ್ಷದ ಹಿಂದೆ ಸ್ಕಾರ್‌ವಿಕ್‌ಗೆ ಬಂದವಳು ಆ ಕೈಯಿಂದಲೇ ಚರ್ಚಿನ ಗಾಯಕವೃಂದವನ್ನು ನಡೆಸುತ್ತಿದ್ದಳು.

ಗುರುವಾರ ಸಂಜೆ 6.30ಕ್ಕೆ, ಅಭ್ಯಾಸದ ಹೊತ್ತಿನಲ್ಲಿ, ಅವಳು ಎಂದಿನಂತೆ ಕುರ್ಚಿಯ ತೋಳು ಬಿಟ್ಟು ಬಲಗೈ ಎತ್ತಿದಳು. ಎತ್ತಿದವಳೇ ಎಡಕ್ಕೆ ಜಾರಿ ಹಾರ್ಮೋನಿಯಂನ ಮೂಲೆಗೆ ಬಡಿದಳು. ಕೈ ಎತ್ತಿದ್ದನ್ನು ಕಂಡಿದ್ದ ಇಪ್ಪತ್ತೆರಡು ಗಾಯಕರು ಅವಳು ನೆಲಕ್ಕೆ ಬಿದ್ದ ಮೇಲೂ ಅರ್ಧ ಸಾಲು ಹಾಡಿದರು. ಅವರಲ್ಲಿ ಮಂದ್ರದ ದನಿಯವನು ಟ್ರಿಗ್ವೆ. ಆ ಅರ್ಧ ಸಾಲಿಗಾಗಿ ಅವನು ಬೆಳಗ್ಗೆಯಿಂದ ಮೂರು ಸಲ ಕ್ಷಮೆ ಕೇಳಿದ್ದ.

ಟೋರ್ಗುನ್ ನೆಲದ ಮೇಲೆ ಅಂಗಾತ ಮಲಗಿ ಕುರ್ಚಿಯ ಅಡಿಗೆ ಟಾರ್ಚ್ ಬಿಟ್ಟಳು.

"ಬರ್ಕೊ. ಸೀಟಿನ ಬಲಬದಿ, ಕೆಳಗೆ, ಎರಡು ನೀಲಿ ಪ್ಲಾಸ್ಟಿಕ್ ಬಿಲ್ಲೆ. ಅಂಗಡಿಯದಲ್ಲ, ಕೈಯಲ್ಲಿ ಕತ್ತರಿಸಿದ್ದು. ಬಲಬದಿನ ಎಡಬದಿಯ ಮಟ್ಟಕ್ಕೆ ತಂದಿದಾನೆ. ಬೋಲ್ಟುಗಳಿಗೆ ಎಣ್ಣೆ ಹಚ್ಚಿದಾನೆ. ಮುಂದಿನ ಬಲ ಚಕ್ರದಲ್ಲಿ ಹೊಸ ಬೇರಿಂಗ್. ಅದರ ಮೇಲೆ ನಂಬರ್ ಇದೆ." ಅವಳು ನಂಬರ್ ಓದಿದಳು. "ಗುಡ್ನಿ, ಈ ಚಕ್ರ ಮೊದಲು ಹೇಗಿತ್ತು?"

"ಕೀರಲು. ಜನವರಿಯಿಂದ. ರಿಪೇರಿಗೆ ಅರ್ಜಿ ಹಾಕಿದ್ದೆ. ಹನ್ನೊಂದು ವಾರ ಅಂದ್ರು. ಹದಿಮೂರಾಯ್ತು."

"ನಿನ್ನೆ?"

"ನಿನ್ನೆ ಮಧ್ಯಾಹ್ನದಿಂದ ಸದ್ದೇ ಇಲ್ಲ. ನನ್ನ ಹಣೆಬರಹಕ್ಕೆ ನಾನೂ ಖುಷಿಪಟ್ಟೆ. ಈಜಿ ಬಂದ ದಿನ ಮೈ ಹೇಗೂ ಸೋತಿರುತ್ತೆ, ಸಂಜೆವರೆಗೆ ತೋಳು ಹಿಡ್ಕೊಂಡೇ ಇದ್ದೆ."

ಟ್ರಿಗ್ವೆ ಮೊಣಕಾಲೂರಿ ಬಗ್ಗಿ ನೋಡಿದ. "ಟೋರ್ಗುನ್, ಈ ಎರಡು ಬಿಲ್ಲೆ ತೆಗೆದುಬಿಟ್ಟರೆ ಮುಗೀತಲ್ಲ? ಒಂದು ಸ್ಪ್ಯಾನರ್ ಕೊಡು."

"ನೀನು ನಿನ್ನ ಸೈಕಲ್ ರಿಪೇರಿ ಮಾಡಿದ್ದನ್ನ ಇಡೀ ಊರು ನೋಡಿದೆ," ಎಂದಳು ಗುಡ್ನಿ. "ಕೈ ತೆಗಿ."

"ಅವನು ಬೋಲ್ಟನ್ನೂ ತಿರುಗಿಸಿದಾನೆ," ಎಂದಳು ಟೋರ್ಗುನ್. "ಬಿಲ್ಲೆ ತೆಗೆದರೂ ಮೊದಲಿನ ಹಾಗಾಗಲ್ಲ. ಅಲ್ಲದೆ ಇದು ಸಾಕ್ಷ್ಯ. ಯಾರೂ ಮುಟ್ಟಬೇಡಿ."

ಸ್ಕಾರ್‌ವಿಕ್‌ನಲ್ಲಿ ಪಾದ್ರಿಯನ್ನೂ ನೀನು ಎಂದೇ ಮಾತಾಡಿಸುತ್ತಾರೆ. ಇನ್‌ಸ್ಪೆಕ್ಟರಿಗೆ ವಿನಾಯಿತಿ ಇಲ್ಲ. ವಿನಾಯಿತಿ ಬಯಸುತ್ತಿದ್ದವನು ಒಬ್ಬನೇ, ಜಿಲ್ಲೆಯ ಸಾಧನ ಕೇಂದ್ರದ ಅಧಿಕಾರಿ ಸಿಗ್ವಾರ್ಡ್. ಗಾಲಿಕುರ್ಚಿ, ಊರುಗೋಲು, ಎತ್ತುವ ಯಂತ್ರ ಎಲ್ಲವೂ ಆ ಕೇಂದ್ರದ ಸ್ವತ್ತು. ಜನರಿಗೆ ಬೇಕಾದಷ್ಟು ಕಾಲ ಎರವಲು. 11.15ಕ್ಕೆ ಅವನ ಫೋನ್ ಬಂತು. ಅವನ ದೂರು ಬೇರೆಯೇ ಇತ್ತು: ಸಾರ್ವಜನಿಕ ಸ್ವತ್ತಿನಲ್ಲಿ ಅನಧಿಕೃತ ಬದಲಾವಣೆ. ಎರಡು ದೂರನ್ನೂ ಒಂದೇ ಎಫ್‌ಐಆರ್‌ಗೆ ಸೇರಿಸಲಾಯಿತು.

"ಕುರ್ಚಿಯನ್ನ ನಮಗೆ ಕಳಿಸಿಕೊಡಿ," ಎಂದ. "ನಮ್ಮ ವರ್ಕ್‌ಶಾಪಲ್ಲಿ ಪರೀಕ್ಷೆ ಆಗಬೇಕು."

"ಎಷ್ಟು ದಿನ?"

"ಸದ್ಯಕ್ಕೆ ಹನ್ನೊಂದು ವಾರ."

"ಮೇ ಹದಿನೇಳಕ್ಕೆ, ರಾಷ್ಟ್ರೀಯ ದಿನಕ್ಕೆ, ಅವಳು ಚೌಕದಲ್ಲಿ ಹಾಡಿಸಬೇಕು, ಸಿಗ್ವಾರ್ಡ್. ಇನ್ನು ಇಪ್ಪತ್ತೇಳು ದಿನ."

"ಬೇರೆ ಕುರ್ಚಿ ಕೊಟ್ಟಿದೀವಲ್ಲ."

ಟೋರ್ಗುನ್ ಗ್ಯಾರೇಜಿನತ್ತ ನೋಡಿದಳು. ಬೇರೆ ಕುರ್ಚಿಯಲ್ಲಿ ಗುಡ್ನಿ ಬಲಗೈಯಿಂದ ತೋಳನ್ನು ಹಿಡಿದು ಕೂತಿದ್ದಳು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಆ ಕುರ್ಚಿಯಲ್ಲಿ ಮೂಗು ತುರಿಸಿಕೊಳ್ಳಲೂ ಅವಳಿಗೆ ಕೈ ಇರಲಿಲ್ಲ.

"ಕುರ್ಚಿ ಪೊಲೀಸ್ ವಶದಲ್ಲಿದೆ," ಎಂದು ಹೇಳಿ ಫೋನ್ ಇಟ್ಟಳು.

ಕುರ್ಚಿ ಗುಡ್ನಿಯ ಕಣ್ಣಿಗೆ ಮರೆಯಾದದ್ದು ಯಾವಾಗ? ಗುರುವಾರ ಒಂದೇ ಸಲ: 11ರಿಂದ 12.30ರವರೆಗೆ, ಬಿಸಿನೀರಿನ ಈಜುಕೊಳದಲ್ಲಿ. ಗುರುವಾರ ಅದು ಅಂಗವಿಕಲರಿಗೆ ಮೀಸಲು. ತಮ್ಮ ಕುರ್ಚಿಯನ್ನು ಓಣಿಯಲ್ಲಿ ಸಾಲಾಗಿ ಬಿಟ್ಟು, ಕೊಳದ ಪ್ಲಾಸ್ಟಿಕ್ ಕುರ್ಚಿಗೆ ಬದಲಾಯಿಸಿಕೊಂಡು, ಇಳಿಜಾರಿನಲ್ಲಿ ಸೀದಾ ನೀರಿಗೆ ಹೋಗುತ್ತಾರೆ. ಒಂದೂವರೆ ಗಂಟೆ ಓಣಿಯಲ್ಲಿ ಖಾಲಿ ಕುರ್ಚಿಗಳು ಮಾತ್ರ.

ಶುಕ್ರವಾರ ಮತ್ತು ಸೋಮವಾರ ಟೋರ್ಗುನ್, ಟ್ರಿಗ್ವೆ ಇಬ್ಬರೂ ಕೊಳಕ್ಕೆ ಬರುವವರ ಮನೆಮನೆಗೆ ಹೋದರು. ಮೊದಲ ಮನೆ ಮರ್ಗಿಟ್‌ಳದು, ಎಂಬತ್ತೊಂದು ವರ್ಷ.

"ನಿನ್ನ ಕುರ್ಚಿಗೆ ಯಾರಾದರೂ ಏನಾದರೂ ಮಾಡಿದಾರಾ?" ಟೋರ್ಗುನ್ ಕೇಳಿದಳು.

"ಇಲ್ಲಪ್ಪ."

"ಬ್ರೇಕು ಹೊಸದಾಗಿದೆ."

"ಹೌದಾ? ಕಣ್ಣು ಸರಿಯಾಗಿ ಕಾಣಲ್ಲ ನಂಗೆ."

"ಮೇಜಿನ ಮೇಲೆ ಸೂಜಿ ಇದೆ. ದಾರ ಪೋಣಿಸಿದೀಯ."

"ಅದು ಬೇರೆ ಕಣ್ಣು," ಎಂದು ಮರ್ಗಿಟ್ ಬಾಗಿಲು ಹಾಕಿಕೊಂಡಳು.

ಎರಡನೆಯವನು ಅನ್‌ಫಿನ್, ದೋಣಿಯ ರಾಟೆಗೆ ಸಿಕ್ಕಿ ಕಾಲು ಕಳೆದುಕೊಂಡ ಮೀನುಗಾರ. ಅವನು ಕುರ್ಚಿಯ ಮೇಲೆ ಕಂಬಳಿ ಹೊದಿಸಿ ಮುಚ್ಚಿಯೇ ಬಾಗಿಲಿಗೆ ಬಂದ.

"ನನ್ನದಕ್ಕೆ ಯಾರೂ ಏನೂ ಮಾಡಿಲ್ಲ. ಇನ್ನೂ." ಆ 'ಇನ್ನೂ' ಎಂಬುದಕ್ಕೆ ತಾನೇ ಬೆಚ್ಚಿ ಕೆಮ್ಮಿದ.

ಒಂಬತ್ತು ಮನೆ, ಒಂಬತ್ತು ಹೇಳಿಕೆ, ಎಲ್ಲವೂ ಒಂದೇ: ಏನೂ ಆಗಿಲ್ಲ, ಯಾರನ್ನೂ ನೋಡಿಲ್ಲ. ಒಂಬತ್ತರಲ್ಲಿ ಎಂಟು ಕುರ್ಚಿಗಳು ಹೊಸದರಂತೆ ಓಡುತ್ತಿದ್ದವು.

"ಎಲ್ಲರೂ ಸುಳ್ಳು ಹೇಳ್ತಾರೆ," ಎಂದ ಟ್ರಿಗ್ವೆ, ಜೀಪು ಹತ್ತುತ್ತ. "ಭಯಾನಾ?"

"ಭಯ ಆದವರು ನಿನ್ನ ಕೈಗೆ ಕೇಕು ಕಟ್ಟಿ ಕೊಡ್ತಾರಾ?" ಅವನ ಕೈಯಲ್ಲಿ ಮೂರು ಪೊಟ್ಟಣಗಳಿದ್ದವು. "ಒಬ್ಬನನ್ನ ಬಚ್ಚಿಡ್ತಾ ಇದಾರೆ. ಅವನು ಯಾರು ಅಂತ ಇವರಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಾಗೋದು ಬೇಕಾಗೂ ಇಲ್ಲ. ಗೊತ್ತಾದರೆ ನಿಂತುಹೋಗುತ್ತೆ."

"ಹಾಗಾದರೆ ಗುಡ್ನಿದು ಯಾಕೆ ಕೆಡಿಸಿದ?"

"ಕೆಡಿಸಿಲ್ಲ ಅನ್ನೋದೇ ವಿಷಯ. ನಿನಗೆ ಆ ಸೀಟು ಓರೆ ಇದ್ದದ್ದು ಕಂಡಿತ್ತಾ? ಎರಡು ವರ್ಷ ಅವಳ ಎದುರು ನಿಂತು ಹಾಡಿದೀಯ."

ಟ್ರಿಗ್ವೆ ಯೋಚಿಸಿದ. "ಇಲ್ಲ."

"ನನಗೂ ಕಂಡಿರಲಿಲ್ಲ. ಇವನಿಗೆ ಕಂಡಿದೆ. ಕಂಡ ಮೇಲೆ ಸುಮ್ಮನಿರೋಕಾಗಿಲ್ಲ. ಕಣ್ಣಲ್ಲೇ ಮಟ್ಟಗೋಲು ಇಟ್ಕೊಂಡಿರೋನು."

ಏಪ್ರಿಲ್ 26, ಗುರುವಾರ. 11.20ಕ್ಕೆ ಇಬ್ಬರೂ ಈಜುಕೊಳದ ಕ್ಯಾಂಟೀನಿನಲ್ಲಿ ಕೂತಿದ್ದರು. ಗಾಜಿನಾಚೆ ಹಬೆ, ಹಬೆಯೊಳಗಿಂದ ಮರ್ಗಿಟ್‌ಳ ನಗು. ಓಣಿಯ ಒಂದು ತುದಿ ಮಾತ್ರ ಇಲ್ಲಿಂದ ಕಾಣುತ್ತಿತ್ತು. ಟೋರ್ಗುನ್ ಬಾಗಿಲ ಪಕ್ಕದ ಮೇಜನ್ನು ಆರಿಸಿಕೊಂಡಿದ್ದಳು.

ಗುರುವಾರದ ವಾಫಲ್ ಮಾಡುತ್ತಿದ್ದವನು ಐಲಿಫ್. ಅರವತ್ತೇಳು ವರ್ಷ, ಗೋಣು ಸ್ವಲ್ಪ ಮುಂದಕ್ಕೆ ಬಾಗಿದ, ಮಾತು ಕಡಿಮೆಯ ಮನುಷ್ಯ. ಊರಿನಲ್ಲಿ ಸಾಧನಗಳ ವರ್ಕ್‌ಶಾಪ್ ಇದ್ದ ಮೂವತ್ತೊಂದು ವರ್ಷವೂ ಅಲ್ಲಿನ ಮೆಕ್ಯಾನಿಕ್ ಅವನೇ. ಎರಡು ವರ್ಷದ ಹಿಂದೆ ಅದನ್ನು ಮುಚ್ಚಿ, ಎರಡು ಫೆರ್ರಿ ದಾಟಿ ಹೋಗಬೇಕಾದ ಜಿಲ್ಲಾ ಪಟ್ಟಣಕ್ಕೆ ಸಾಗಿಸಿದರು. ಅಂದಿನಿಂದ ಅವನು ವಾರಕ್ಕೊಮ್ಮೆ ಸಂಬಳವಿಲ್ಲದೆ ವಾಫಲ್ ಮಾಡುತ್ತಾನೆ.

"ಕಂದು ಚೀಸಾ, ಜಾಮಾ?" ಎಂದು ಕೇಳಿದ.

"ಎರಡೂ," ಎಂದ ಟ್ರಿಗ್ವೆ.

"ನಿನ್ನನ್ನ ಕೇಳಲಿಲ್ಲ. ನಿನ್ನದು ಗೊತ್ತು." ಐಲಿಫ್ ತಟ್ಟೆ ಇಟ್ಟ. "ಹಾಲು ಮುಗಿದಿದೆ. ಉಗ್ರಾಣದಿಂದ ತರ್ತೀನಿ. ಇನ್ನೊಂದು ಬೇಕಾದರೆ ಹಾಕ್ಕೊ, ಹಿಟ್ಟು ಅಲ್ಲಿದೆ."

ಟ್ರಿಗ್ವೆ ಇನ್ನೊಂದು ಹಾಕಿಕೊಂಡ. ಟೋರ್ಗುನ್ ಜೇಬಿನಿಂದ ಕಿತ್ತಳೆ ತೆಗೆದು, ಸುಲಿಯುವ ಮೊದಲು, ಅಭ್ಯಾಸಬಲದಿಂದ ಮೇಜಿನ ಮೇಲಿಟ್ಟಳು.

ಉರುಳಲಿಲ್ಲ.

ಈ ಕಟ್ಟಡದ ನೆಲ ಕೊಳದ ಕಡೆಗೆ ಇಳಿಜಾರು. ನೀರು ಹರಿದುಹೋಗಲೆಂದೇ ಹಾಗೆ ಕಟ್ಟಿದ್ದು. ಚಿಕ್ಕಂದಿನಲ್ಲಿ ಇದೇ ಕ್ಯಾಂಟೀನಿನಲ್ಲಿ ಗೋಲಿ ಬಿಟ್ಟು ಓಡುತ್ತಿದ್ದವಳು ಅವಳು. ಎದ್ದು ಪಕ್ಕದ ಮೇಜಿನ ಮೇಲಿಟ್ಟಳು. ಉರುಳಲಿಲ್ಲ. ಮೂರನೆಯದರ ಮೇಲೂ ಇಲ್ಲ. ಬಗ್ಗಿ ನೋಡಿದಳು. ಪ್ರತಿ ಮೇಜಿನ ಎರಡು ಕಾಲುಗಳ ಕೆಳಗೆ ನೀಲಿ ಪ್ಲಾಸ್ಟಿಕ್ ಬಿಲ್ಲೆ, ಕೈಯಲ್ಲಿ ಕತ್ತರಿಸಿದ್ದು.

"ಟ್ರಿಗ್ವೆ, ಈ ನೀಲಿ ಯಾವುದರದು?"

ಬಾಯಿ ತುಂಬಿದ್ದರಿಂದ ಅವನು ಕೈಯಲ್ಲಿ ಚೌಕ ಬರೆದು ತೋರಿಸಿದ, ನುಂಗಿ ಹೇಳಿದ: "ಮೀನಿನ ಪೆಟ್ಟಿಗೆ."

ಹಾಲಿನ ಡಬ್ಬಿ ಹಿಡಿದು ಐಲಿಫ್ ವಾಪಸ್ ಬಂದ. ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಅವನ ಬಲಗೈ ಹೆಬ್ಬೆರಳ ಉಗುರಿನ ಸುತ್ತ ಕಪ್ಪು ಗ್ರೀಸು. ಟೋರ್ಗುನ್ ಕಿತ್ತಳೆ ಸುಲಿದು ಅವನಿಗೂ ಎರಡು ತೊಳೆ ಕೊಟ್ಟಳು. ಏನೂ ಕೇಳಲಿಲ್ಲ.

ಠಾಣೆಗೆ ಬಂದು 1.05ಕ್ಕೆ ಟ್ರಿಗ್ವೆ ಕೈಯಿಂದ ಸಾಧನ ಕೇಂದ್ರಕ್ಕೆ ಫೋನ್ ಮಾಡಿಸಿದಳು. ಅಲ್ಲಿಂದ ಹೊರಟ ಪ್ರತಿ ಬಿಡಿಭಾಗಕ್ಕೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ಹೆಸರು ಇರುತ್ತದೆ. ಸಿಗ್ವಾರ್ಡ್ ಬೇರಿಂಗಿನ ನಂಬರು ಹುಡುಕಿ ಓದಿದ.

"ಓಡ್ರುನ್ ಹೋಗ್ನೆಸ್. ಸ್ಕಾರ್‌ವಿಕ್. ಕಳೆದ ವರ್ಷ ಜೂನ್ 12ಕ್ಕೆ ತಲುಪಿಸಿದೀವಿ. ಸಹಿ ಇದೆ."

"ಜೂನ್ 12ಕ್ಕಾ?" ಟ್ರಿಗ್ವೆಯ ದನಿ ಇಳಿಯಿತು. "ಓಡ್ರುನ್ ಹೋದದ್ದು ಜೂನ್ 3ಕ್ಕೆ. ಶವಪೆಟ್ಟಿಗೆಗೆ ನಾನೂ ಹೆಗಲು ಕೊಟ್ಟಿದ್ದೆ. ಯಾರ ಸಹಿ?"

"ಐ. ಹೋಗ್ನೆಸ್. ಅಣ್ಣ ಅಂತ ಬರೆದಿದೆ."

ಏಪ್ರಿಲ್ 27, ಶುಕ್ರವಾರ, ಬೆಳಗ್ಗೆ 8.30. ಐಲಿಫ್ ಬಾಗಿಲು ತೆಗೆದಾಗಲೇ ಕೋಟು ಹಾಕಿಕೊಂಡಿದ್ದ.

"ಬನ್ನಿ. ಕಾಫಿ ಆಗ್ತಾ ಇದೆ."

"ಬಂಧಿಸೋಕೆ ಬಂದಿದೀನಿ, ಐಲಿಫ್."

"ಗೊತ್ತು. ಕಾಫಿ ಕುಡಿದೂ ಬಂಧಿಸಬಹುದಲ್ಲ."

ಅಡುಗೆಮನೆಯಲ್ಲಿ ಕಿಟಕಿಯ ಪಕ್ಕ ಮೇಜಿಗೆ ಒಂದೇ ಕುರ್ಚಿ. ಇನ್ನೊಂದು ಬದಿ ಖಾಲಿ. ಅಲ್ಲಿ ನೆಲದ ಮೇಲೆ ಗಾಲಿಗಳು ವರ್ಷಗಟ್ಟಲೆ ಉಜ್ಜಿದ ಎರಡು ಗೆರೆ. ಟೋರ್ಗುನ್ ಆ ಗೆರೆಗಳನ್ನು ತುಳಿಯದೆ ನಿಂತಳು.

"ಗುಡ್ನಿ ಬಿದ್ದದ್ದು ಯಾವಾಗ ಗೊತ್ತಾಯ್ತು?"

"ಮಾರನೇ ದಿನ. ಆಗಲೇ ಕೋಟು ಹಾಕ್ಕೊಂಡೆ, ಠಾಣೆಗೆ ಬರೋಣ ಅಂತ. ಆಮೇಲೆ ಅನ್‌ಫಿನ್‌ನ ಬ್ರೇಕು ನೆನಪಾಯ್ತು. ಈ ಗುರುವಾರ ಅವನ ಸರದಿ. ಅದೊಂದು ಮುಗಿಸಿ ಬರೋಣ ಅನ್ನಿಸ್ತು."

"ಮುಗೀತಾ?"

"ನಿನ್ನೆ."

"ನಿನ್ನೆ ನಾವು ಅಲ್ಲೇ ಇದ್ವಲ್ಲ!" ಎಂದ ಟ್ರಿಗ್ವೆ.

"ನೀನು ಎರಡನೇ ವಾಫಲ್ ಮೇಲಿದ್ದೆ."

ಟೋರ್ಗುನ್ ತನ್ನ ಪುಸ್ತಕ ತೆರೆದಳು. "ಗುಡ್ನಿಯ ಸೀಟು ಯಾಕೆ ಮುಟ್ಟಿದೆ?"

ಅವನು ಲೋಟಗಳನ್ನು ಮೇಜಿನ ಮೇಲೆ ಸಾಲಾಗಿಟ್ಟ. "ಚಕ್ರ ಮಾಡೋಕೆ ಹೋದೆ. ಬಗ್ಗಿದಾಗ ಸೀಟು ಓರೆ ಕಂಡಿತು. ಬೋಲ್ಟು ಜಾರಿದೆ ಅಂದುಕೊಂಡೆ. ಅವಳ ಕುರ್ಚಿ ಟ್ರೊಮ್ಸೊದ್ದು, ನನ್ನ ಕೈಗೆ ಬಂದಿರಲೇ ಇಲ್ಲ." ಕಾಫಿ ಬಗ್ಗಿಸಿದ. "ಹೊಸಬರು ಕೆಲಸಕ್ಕೆ ಸೇರಿದರೆ ಮೊದಲ ದಿನ ನಾನು ಒಂದೇ ಮಾತು ಹೇಳ್ತಿದ್ದೆ. ಮನುಷ್ಯ ಕೂತಿಲ್ಲದ ಸೀಟಿಗೆ ಸ್ಪ್ಯಾನರ್ ಹಚ್ಚಬೇಡ. ಬ್ರೇಕು ಮಾಡು, ಚಕ್ರ ಮಾಡು, ಸೀಟು ಮುಟ್ಟಬೇಡ. ಮೂವತ್ತೊಂದು ವರ್ಷ ಹೇಳಿದೆ."

"ಆ ಬೇರಿಂಗ್?"

"ಓಡ್ರುನ್‌ದು."

ಅವನು ಕಿಟಕಿಯ ಕಡೆ ನೋಡಿದ. ಅಲ್ಲಿಂದ ದೋಣಿ ಕಟ್ಟುವ ದಕ್ಕೆಯ ಒಂದು ಮೂಲೆ ಮಾತ್ರ ಕಾಣುತ್ತಿತ್ತು.

"ಮಾರ್ಚಿನಲ್ಲಿ ತಂಗಿ ಕುರ್ಚಿಯ ಚಕ್ರ ಹಿಡ್ಕೊಂಡಿತು. ಅರ್ಜಿ ಹಾಕಿದೆ. ನನಗೆ ಅಧಿಕಾರ ಇಲ್ಲ, ಮುಟ್ಟೋ ಹಾಗಿಲ್ಲ ಅಂತ ಕಾಗದ ಬಂದಿತ್ತು. ಹಿತ್ತಲ ಶೆಡ್ಡಿನಲ್ಲಿ ಎಲ್ಲಾ ಸಾಮಾನೂ ಇತ್ತು. ಹಳೇ ಬೇರಿಂಗುಗಳು ಒಂದು ಡಬ್ಬಿ ತುಂಬ. ಹತ್ತು ನಿಮಿಷದ ಕೆಲಸ. ನಾನು ಮುಟ್ಟಲಿಲ್ಲ." ಲೋಟವನ್ನು ಅರ್ಧ ಸುತ್ತು ತಿರುಗಿಸಿದ. "ಚಕ್ರ ಕೆಟ್ಟಿದ್ದಕ್ಕೆ ಸತ್ತಳು ಅಂತಲ್ಲ. ಹೃದಯ ಮೊದಲೇ ಸೋತಿತ್ತು. ಆದರೆ ದಿನಾ ದಕ್ಕೆಗೆ ಹೋಗಿ ದೋಣಿಗಳನ್ನ ಬೈದು ಬರ್ತಿದ್ದೋಳು, ಕೊನೇ ಹತ್ತು ವಾರ ಇಲ್ಲೇ ಕೂತಳು. 'ನೀನೇ ಮಾಡಿಬಿಡೋ' ಅಂತ ಒಂದೇ ಒಂದು ಸಲ ಅಂದಳು. ನಿಯಮ ಕಣೇ, ಅಂದೆ ನಾನು. ಹನ್ನೊಂದನೇ ವಾರ ಬೇರಿಂಗ್ ಬಂತು."

ಟ್ರಿಗ್ವೆ ಕಾಫಿಯನ್ನು ಸದ್ದಿಲ್ಲದೆ ಕೆಳಗಿಟ್ಟ.

ಶೆಡ್ಡಿನ ತಪಾಸಣೆಯಲ್ಲಿ ಸ್ಪ್ಯಾನರುಗಳು, ಅರ್ಧ ಕತ್ತರಿಸಿದ ನೀಲಿ ಮೀನಿನ ಪೆಟ್ಟಿಗೆ ಮತ್ತು ಒಂದು ನೋಟ್‌ಪುಸ್ತಕ ಸಿಕ್ಕವು. ಪುಸ್ತಕದಲ್ಲಿ ಹದಿನಾಲ್ಕು ಹೆಸರು. ಪ್ರತಿ ಹೆಸರಿನ ಮುಂದೆ ಏನು ಕೆಟ್ಟಿತ್ತು, ಎಷ್ಟು ವಾರ ಕಾದರು ಎಂಬುದು. ಮೊದಲನೆಯ ಹೆಸರು ಓಡ್ರುನ್. 9.25ಕ್ಕೆ ಬಂಧನ ದಾಖಲಾಯಿತು. ಹೊರಡುವ ಮುನ್ನ ಐಲಿಫ್ ಮೂರು ಲೋಟಗಳನ್ನೂ ತೊಳೆದಿಟ್ಟ.

ಅಂದೇ ಮಧ್ಯಾಹ್ನ 2 ಗಂಟೆಗೆ ಟೋರ್ಗುನ್ ಗ್ಯಾರೇಜಿನಲ್ಲಿ ಕೃತ್ಯದ ಮರುಸೃಷ್ಟಿಗೆ ಆದೇಶಿಸಿದಳು. ಸಿಗ್ವಾರ್ಡ್ ಫೋನಿನಲ್ಲಿ ಆಕ್ಷೇಪಿಸಿದ.

"ಅವನು ಆ ಕುರ್ಚಿ ಮುಟ್ಟೋ ಹಾಗಿಲ್ಲ!"

"ರಿಪೇರಿ ಅಲ್ಲ ಇದು. ಆರೋಪಿ ಏನು ಮಾಡಿದ ಅಂತ ತೋರಿಸಬೇಕಾದರೆ, ಕುರ್ಚಿ ಮೊದಲು ಇದ್ದ ಸ್ಥಿತಿಗೆ ಬರಬೇಕು. ಅಲ್ಲಿಂದ ಮುಂದಕ್ಕೆ ತೋರಿಸ್ತಾನೆ."

"ತೋರಿಸಿದ ಮೇಲೆ?"

"ಶುಕ್ರವಾರ ಮೂರಕ್ಕೆ ನಮ್ಮ ಪಾಳಿ ಮುಗಿಯುತ್ತೆ. ಅರ್ಧದಲ್ಲೇ ನಿಂತರೂ ನಿಲ್ಲಬಹುದು."

ಟ್ರಿಗ್ವೆ ಗುಡ್ನಿಯನ್ನು ಎತ್ತಿ ಅವಳ ಎಂದಿನ ಕುರ್ಚಿಯಲ್ಲಿ ಕೂರಿಸಿ, ಎಡಭುಜ ಹಿಡಿದು ನಿಂತ. ಐಲಿಫ್ ಕಾಂಕ್ರೀಟಿನ ಮೇಲೆ ಮೊಣಕಾಲೂರಿದ. ಅವಳ ಮುಖ ನೋಡಲಿಲ್ಲ.

"ತಪ್ಪಾಯ್ತು," ಎಂದ, ಚಕ್ರಕ್ಕೆ ಹೇಳಿದಂತೆ.

"ನೀನಾ? ಎರಡು ವರ್ಷದಿಂದ ವಾಫಲ್ ತಿನ್ನಿಸ್ತಾ ಇದೀಯ. ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ?"

"ಕೇಳಿದ್ದರೆ ನೀನೂ ಇದರಲ್ಲಿ ಸೇರ್ಕೋತಿದ್ದೆ. ಅದಕ್ಕೇ ಯಾರನ್ನೂ ಕೇಳಲಿಲ್ಲ."

"ಈಗ ಕೇಳು."

ಐಲಿಫ್ ತಲೆಯೆತ್ತಿದ. ಜೇಬಿನ ಮಟ್ಟಗೋಲನ್ನು ತೆಗೆದು ಟೋರ್ಗುನ್ ಕೈಗೆ ಕೊಟ್ಟುಬಿಟ್ಟ. "ಸರಿ. ನಾನು ತಿರುಗಿಸ್ತಾ ಹೋಗ್ತೀನಿ. ಸಾಕು ಅಂದಾಗ ಸಾಕು."

ಸಾಕು ಎನ್ನಲು ಅವಳಿಗೆ ಐವತ್ತು ನಿಮಿಷ ಹಿಡಿಯಿತು. ಇನ್ನೊಂಚೂರು. ಜಾಸ್ತಿಯಾಯ್ತು. ಹಿಂದಕ್ಕೆ ಬಾ. ಬೆನ್ನಿನ ಕಡೆ ಅಲ್ಲ, ಸೊಂಟದ ಕಡೆ. ಟ್ರಿಗ್ವೆ ಪ್ರತಿ ತಿರುವನ್ನೂ ಒಂದು ಕೈಯಲ್ಲಿ ಬರೆದುಕೊಂಡ. ಕೊನೆಗೆ ಗುಡ್ನಿ, "ಭುಜ ಬಿಡು" ಎಂದಳು. ಬಿಟ್ಟ. ಅವಳು ಕುರ್ಚಿಯ ತೋಳನ್ನು ಬಿಟ್ಟಳು. ಬಲಗೈ ಮೇಲೆ ಹೋಯಿತು, ನಿಂತಿತು, ಗಾಳಿಯಲ್ಲಿ ಒಂದು ಸಣ್ಣ ಕೊಕ್ಕೆ ಬರೆಯಿತು. ಅದನ್ನು ಕಂಡದ್ದೇ ಟ್ರಿಗ್ವೆ ಯೋಚಿಸದೆ ಹಾಡಲು ಶುರುಮಾಡಿದ.

"ಶ್ರುತಿ ಕೆಳಗಿದೆ," ಎಂದಳು ಗುಡ್ನಿ. ಮುರಿದ ಹಲ್ಲಿನ ಸಂದಿಯಿಂದ ಆ 'ಶ್ರು' ಸೀಟಿ ಹೊಡೆದಂತೆ ಬಂತು. ಅವಳೇ ಮೊದಲು ನಕ್ಕಳು.

ಅವಳನ್ನು ಇಳಿಸಿದ ಮೇಲೆ ಟೋರ್ಗುನ್ ಸೀಟಿನ ಮೇಲೆ ಕಿತ್ತಳೆ ಇಟ್ಟಳು. ಅದು ಬಲಕ್ಕೆ ಉರುಳಿ, ಕೆಳಗೆ ಬಿದ್ದು, ಜೀಪಿನ ಅಡಿಗೆ ಹೋಯಿತು. "ಸಮಯ 2.55," ಎಂದು ಬರೆದ ಟ್ರಿಗ್ವೆ. ಉಳಿದ ಮರುಸೃಷ್ಟಿಗೆ ವೇಳೆ ಸಾಲಲಿಲ್ಲ. ಸಾಕ್ಷ್ಯವನ್ನು ಗುಡ್ನಿಯ ಸುಪರ್ದಿಗೆ ಒಪ್ಪಿಸಲಾಯಿತು. ಹೇಳಿಕೆ ಪಡೆದು ಐಲಿಫ್‌ನನ್ನು ಸಂಜೆಯೇ ಮನೆಗೆ ಬಿಟ್ಟರು.

ಏಪ್ರಿಲ್ 30, ಸೋಮವಾರ, 10 ಗಂಟೆ. ಗುಡ್ನಿ ತನ್ನ ದೂರನ್ನು ಹಿಂತೆಗೆದುಕೊಂಡಿದ್ದಳು. ಉಳಿದಿದ್ದು ಸಾಧನ ಕೇಂದ್ರದ್ದು. ಸರ್ಕಾರಿ ವಕೀಲರಿಂದ ಬಂದ ಒಂದು ಹಾಳೆಯನ್ನು ಟೋರ್ಗುನ್ ಠಾಣೆಯ ಮೇಜಿನ ಮೇಲೆ ಐಲಿಫ್‌ನತ್ತ ತಿರುಗಿಸಿಟ್ಟಳು.

"ಇದಕ್ಕಿಂತ ಹಗುರವಾದದ್ದು ಇಲ್ಲ, ಐಲಿಫ್. ಸಣ್ಣ ದಂಡ. ಇನ್ಮೇಲೆ ಮುಟ್ಟಲ್ಲ ಅಂತ ಒಂದು ಸಾಲು. ಕೆಳಗೆ ಸಹಿ ಹಾಕು, ಇವತ್ತೇ ಮುಗಿದುಹೋಗುತ್ತೆ."

ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

"ಹಾಕದಿದ್ದರೆ?"

"ಕೋರ್ಟಿಗೆ ಹೋಗುತ್ತೆ. ಶಿಕ್ಷೆ ಜಾಸ್ತಿನೂ ಆಗಬಹುದು."

"ನನ್ನ ಪುಸ್ತಕ ಅಲ್ಲಿ ಏನಾಗುತ್ತೆ?"

"ದಾಖಲೆ ನಾಲ್ಕು. ಗಟ್ಟಿಯಾಗಿ ಓದ್ತಾರೆ."

"ಎಲ್ಲಾ ಹೆಸರೂ? ವಾರಗಳೂ?"

"ಎಲ್ಲಾ."

"ಸಿಗ್ವಾರ್ಡ್ ಕೂತು ಕೇಳಬೇಕಾಗುತ್ತಾ?"

"ಅವನು ದೂರುದಾರ. ಕೇಳಲೇಬೇಕು."

ಐಲಿಫ್ ಕನ್ನಡಕ ತೆಗೆದು ಜೇಬಿಗಿಟ್ಟ. ಹಾಳೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದ, ಉಗುರಿನಿಂದ ಗೆರೆ ಎಳೆದ, ಮೇಜಿನ ಮೇಲೆ ಅವಳತ್ತ ತಳ್ಳಿದ.

"ಹಾಕಲ್ಲ," ಎಂದ.